ಕರೆಂಟ್ ಕಡಿದರೆ ಯುದ್ಧಾಪರಾಧ ಆಗುತ್ತದಾ?

ನದಿದಂಡೆ:
2024ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ, ಅಂದರೆ ಐಸಿಸಿ, ರಷ್ಯಾದ ಇಬ್ಬರು ಸೇನಾಧಿಕಾರಿಗಳ ಮೇಲೆ ಬಂಧನ ವಾರಂಟ್ ಹೊರಡಿಸಿತು. ಒಬ್ಬರು ಕೊಬಿಲಾಶ್, ಇನ್ನೊಬ್ಬರು ಸೊಕೊಲೊವ್. ಜೂನ್‌ನಲ್ಲಿ ಮಾಜಿ ರಕ್ಷಣಾ ಸಚಿವ ಶೊಯಿಗು ಮತ್ತು ಸೇನಾ ಮುಖ್ಯಸ್ಥ ಗೆರಾಸಿಮೊವ್ ಹೆಸರೂ ಸೇರಿತು. 2022ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಉಕ್ರೇನಿನ ವಿದ್ಯುತ್ ಸ್ಥಾವರ, ಸಬ್‌ಸ್ಟೇಷನ್‌ಗಳ ಮೇಲೆ ಕ್ಷಿಪಣಿ ಹಾರಿಸಿದರು ಅನ್ನುವುದು ಆರೋಪ.

ಆದರೆ 1991ರಲ್ಲಿ ಅಮೆರಿಕ ಮತ್ತು ಮಿತ್ರಪಡೆಗಳು ಇರಾಕ್‌ನ ಗ್ರಿಡ್ ಅನ್ನು, ಅಂದರೆ ವಿದ್ಯುತ್ ಜಾಲವನ್ನು, ಪುಡಿ ಮಾಡಿದವು. 1999ರಲ್ಲಿ ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟ ನ್ಯಾಟೋ ಸರ್ಬಿಯಾದ ಕರೆಂಟ್ ಕಡಿಯಿತು. ಆಗ ಯಾರ ಮೇಲೂ ವಾರಂಟ್ ಬರಲಿಲ್ಲ. ಹಾಗಾದರೆ ವಿದ್ಯುತ್ ಸ್ಥಾವರ ಯಾವಾಗ ಸೇನೆಯ ಗುರಿ, ಯಾವಾಗ ಅಲ್ಲ? ಇದಕ್ಕೊಂದು ನಿಯಮ ಇದೆಯಾ, ಅಥವಾ ಗೆದ್ದವರು ಹೇಳಿದ್ದೇ ಕಾನೂನಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕಾನೂನು ಓದುವವಳು:
ನಿಯಮ ಇದೆ. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದದ 52ನೇ ವಿಧಿ ನೋಡಿ. ಒಂದು ಜಾಗ ಸೇನಾ ಗುರಿ ಆಗಬೇಕಾದರೆ ಎರಡು ಮಾತು ಒಟ್ಟಿಗೆ ನಿಜ ಆಗಿರಬೇಕು. ಅದು ಸೇನೆಯ ಕೆಲಸಕ್ಕೆ ನಿಜವಾಗಿ ನೆರವಾಗುತ್ತಿರಬೇಕು. ಅದನ್ನು ಹೊಡೆದರೆ ಆ ಹೊತ್ತಿಗೆ ಸ್ಪಷ್ಟವಾದ ಸೇನಾ ಲಾಭ ಸಿಗಬೇಕು. "ಜನ ಬೇಸತ್ತು ಸರ್ಕಾರದ ಮೇಲೆ ತಿರುಗಿ ಬೀಳಲಿ" ಅನ್ನುವುದು ಸೇನಾ ಲಾಭದ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ದಾಟಿದ ಮೇಲೂ 51ನೇ ವಿಧಿ ಇದೆ. ಸಿಗುವ ಲಾಭಕ್ಕೆ ಹೋಲಿಸಿದರೆ ಜನರಿಗೆ ಆಗುವ ಹಾನಿ ಅತಿಯಾಗುವಂತಿದ್ದರೆ ಹೊಡೆಯುವಂತಿಲ್ಲ. ಉಕ್ರೇನ್ ವಾರಂಟ್‌ನಲ್ಲಿ ಐಸಿಸಿ ಹೇಳಿದ್ದೂ ಇದನ್ನೇ. ಕೆಲವು ಸ್ಥಾವರಗಳು ಸೇನಾ ಗುರಿ ಎಂದೇ ಇಟ್ಟುಕೊಂಡರೂ ಜನರಿಗೆ ಆಗುವ ಹಾನಿ ಲಾಭಕ್ಕಿಂತ ತೀರಾ ಜಾಸ್ತಿ ಇತ್ತು ಅಂತ.

1991, 1999ರ ವಿಷಯಕ್ಕೆ ಬಂದರೆ, ಐಸಿಸಿ ಕೆಲಸ ಶುರು ಮಾಡಿದ್ದೇ 2002ರ ಜುಲೈ 1ರಂದು. ಸರ್ಬಿಯಾದ ಬಾಂಬ್ ದಾಳಿಯನ್ನು, ಹಳೆಯ ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗೆಂದೇ ವಿಶ್ವಸಂಸ್ಥೆ ಮಾಡಿದ್ದ ನ್ಯಾಯಮಂಡಳಿಯ ಪ್ರಾಸಿಕ್ಯೂಟರ್ ಕಚೇರಿಯ ಸಮಿತಿ ಪರಿಶೀಲಿಸಿ, ತನಿಖೆ ಬೇಡ ಎಂದಿತು. ಆ ತೀರ್ಮಾನ ನನಗೆ ಇಂದಿಗೂ ಒಪ್ಪಿಗೆ ಇಲ್ಲ. ಆದರೆ ಒಬ್ಬರನ್ನು ಬಿಟ್ಟರು ಅಂತ ಇನ್ನೊಬ್ಬರನ್ನೂ ಬಿಡಬೇಕು ಅನ್ನುವ ವಾದ ನ್ಯಾಯವಲ್ಲ.

ಹಳೆ ಫೌಜಿ:
ಮೇಡಂ, ಪುಸ್ತಕದಲ್ಲಿ ಇದು ಚೆನ್ನಾಗಿದೆ. ನೆಲದ ಮೇಲೆ ಒಂದೇ ಸಬ್‌ಸ್ಟೇಷನ್‌ನಿಂದ ರಾಡಾರ್‌ಗೂ ಲೈನ್ ಹೋಗುತ್ತದೆ, ಆಸ್ಪತ್ರೆಗೂ ಹೋಗುತ್ತದೆ. ರೈಲು ಓಡುವುದು ಕರೆಂಟ್ ಮೇಲೆ, ಆ ರೈಲಿನಲ್ಲೇ ಟ್ಯಾಂಕ್ ಬರುತ್ತದೆ. ಕಮಾಂಡರ್ ಏನು ಮಾಡಬೇಕು? ಕೈ ಕಟ್ಟಿ ಕೂತರೆ ಅವನ ಹುಡುಗರು ಸಾಯುತ್ತಾರೆ.

ನ್ಯಾಯಮಂಡಳಿಗಳೂ ಇದನ್ನು ಒಪ್ಪಿವೆ. 2000ನೇ ಇಸವಿಯ ಮೇ ತಿಂಗಳಲ್ಲಿ ಇಥಿಯೋಪಿಯಾದ ವಿಮಾನಗಳು ಎರಿಟ್ರಿಯಾದ ಹಿರ್ಗಿಗೋ ವಿದ್ಯುತ್ ಸ್ಥಾವರಕ್ಕೆ ಬಾಂಬ್ ಹಾಕಿದವು. ಅದು ಇನ್ನೂ ಪೂರ್ತಿ ಶುರುವಾಗಿರಲಿಲ್ಲ. ಆದರೂ ಮಸಾವಾ ಬಂದರಿಗೆ, ಅಲ್ಲಿನ ನೌಕಾನೆಲೆಗೆ ಕರೆಂಟ್ ಕೊಡಲಿಕ್ಕಿದೆ ಎಂಬ ಕಾರಣಕ್ಕೆ ಅದು ಸೇನಾ ಗುರಿಯೇ ಎಂದು ಆ ಯುದ್ಧದ ಪರಿಹಾರ ಕೇಸುಗಳನ್ನು ಕೇಳಿದ ಆಯೋಗ ತೀರ್ಪು ಕೊಟ್ಟಿತು.

ಕಾನೂನು ಓದುವವಳು:
ಸರ್, ಅದೇ ತೀರ್ಪಿನ ಇನ್ನರ್ಧವನ್ನೂ ಹೇಳಿ. ಅದೇ ಯುದ್ಧ, ಅದೇ ಇಥಿಯೋಪಿಯಾ, ಅದೇ ಐವರು ಸದಸ್ಯರ ಆಯೋಗ. ಅಸಾಬ್ ಊರಿಗೆ ಕುಡಿಯುವ ನೀರು ಕೊಡುತ್ತಿದ್ದ ಹರ್ಸಿಲೆ ಜಲಾಶಯದ ಮೇಲೂ ಬಾಂಬ್ ಹಾಕಿದ್ದರು. ಅದನ್ನು ಆಯೋಗ ಕಾನೂನುಬಾಹಿರ ಎಂದಿತು. 54ನೇ ವಿಧಿ ಪ್ರಕಾರ ಜನ ಬದುಕಲು ಬೇಕೇ ಬೇಕಾದ ನೀರು, ಬೆಳೆ, ದನಕರು, ನೀರಾವರಿ ಕಾಲುವೆಗಳನ್ನು ಜನರಿಗೆ ಸಿಗದಂತೆ ಮಾಡುವ ಉದ್ದೇಶದಿಂದ ಹಾಳು ಮಾಡುವಂತಿಲ್ಲ. ಎರಿಟ್ರಿಯಾ ಪ್ರೋಟೋಕಾಲ್‌ಗೆ ಸಹಿ ಹಾಕಿರಲಿಲ್ಲ. ಆದರೂ ಈ ನಿಯಮ ಈಗ ಎಲ್ಲ ದೇಶಗಳಿಗೂ ಅನ್ವಯಿಸುವ ರೂಢಿ ಕಾನೂನು ಎಂದು 2005ರಲ್ಲಿ ತೀರ್ಪು ಬಂತು.

ಹಿರ್ಗಿಗೋ ವಿಷಯದಲ್ಲೂ ಐವರಲ್ಲಿ ಒಬ್ಬರು ಭಿನ್ನಮತ ಬರೆದರು. ಅದು ಸರ್ವಾನುಮತದ ತೀರ್ಪಲ್ಲ.

ನದಿದಂಡೆ:
ಅಂದರೆ ನೀರಿಗೆ ರಕ್ಷಣೆ ಜಾಸ್ತಿ, ಕರೆಂಟಿಗೆ ಕಡಿಮೆ. ಆದರೆ ಕರೆಂಟ್ ಇಲ್ಲದೆ ನೀರು ಎಲ್ಲಿಂದ ಬರುತ್ತದೆ?

ಗ್ರಿಡ್‌ನವನು:
ಸರಿಯಾದ ಜಾಗಕ್ಕೆ ಬಂದಿರಿ. ನಾನು ಟ್ರಾನ್ಸ್‌ಮಿಷನ್, ಅಂದರೆ ದೊಡ್ಡ ವಿದ್ಯುತ್ ಲೈನ್‌ಗಳ ಕೆಲಸದಲ್ಲಿ ಇರುವವನು. ಕಾನೂನು ಒಂದೊಂದು ಕಟ್ಟಡವನ್ನು ಬಿಡಿ ಬಿಡಿಯಾಗಿ ನೋಡುತ್ತದೆ. ನಮ್ಮ ಕೆಲಸದಲ್ಲಿ ಬಿಡಿ ಅನ್ನುವುದು ಯಾವುದೂ ಇಲ್ಲ.

ದೊಡ್ಡ ಸಬ್‌ಸ್ಟೇಷನ್ ಒಂದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು ಎಂದುಕೊಳ್ಳಿ. ಮೊದಲ ಗಂಟೆಯಲ್ಲಿ ದೀಪ ಹೋಗುತ್ತದೆ, ಅದು ಸಣ್ಣ ವಿಷಯ. ಪಂಪ್‌ಹೌಸ್ ನಿಲ್ಲುತ್ತದೆ. ಎತ್ತರದ ಟ್ಯಾಂಕ್‌ನಲ್ಲಿ ಇರುವ ನೀರು ಎಷ್ಟು ಹೊತ್ತು? ಪೈಪಿನಲ್ಲಿ ಒತ್ತಡ ಬಿದ್ದ ಕೂಡಲೇ ಸುತ್ತಲಿನ ಕೊಳಕು ನೀರು ಬಿರುಕುಗಳಿಂದ ಒಳಗೆ ನುಗ್ಗುತ್ತದೆ. ಅತ್ತ ಒಳಚರಂಡಿ ಪಂಪ್ ಕೂಡ ನಿಂತಿರುತ್ತದೆ, ಅದು ಉಕ್ಕಿ ನದಿಗೆ ಸೇರುತ್ತದೆ. ಅದೇ ನದಿಯ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ಇರಾಕ್‌ನಲ್ಲಿ 1991ರಲ್ಲಿ ಆಗಿದ್ದು ಇದೇ. ಬಾಂಬ್ ನಿಂತ ಮೇಲೂ ಮಕ್ಕಳಿಗೆ ವಾಂತಿಭೇದಿ ನಿಲ್ಲಲಿಲ್ಲ. ಉಕ್ರೇನಿನಂಥ ಚಳಿ ದೇಶದಲ್ಲಿ ಇದರ ಜೊತೆಗೆ ಮನೆ ಬಿಸಿ ಮಾಡುವ ಪೈಪುಗಳು ಹೆಪ್ಪುಗಟ್ಟಿ ಒಡೆಯುತ್ತವೆ.

ಟ್ರಾನ್ಸ್‌ಫಾರ್ಮರ್ ಬದಲಾಯಿಸಿದರೆ ಆಯಿತಲ್ಲ ಅನ್ನುತ್ತೀರಾ? ಆ ಗಾತ್ರದವು ನೂರಾರು ಟನ್ ತೂಗುತ್ತವೆ. ಆರ್ಡರ್ ಕೊಟ್ಟ ಮೇಲೆಯೇ ಕಟ್ಟುತ್ತಾರೆ. ಕೈಗೆ ಬರಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಹಾಗಾಗಿ ಕಮಾಂಡರ್ "ನನಗೆ ಎರಡು ದಿನ ರಾಡಾರ್ ಬಂದ್ ಆದರೆ ಸಾಕು" ಅಂದುಕೊಂಡು ಟ್ರಾನ್ಸ್‌ಫಾರ್ಮರ್‌ಗೆ ಹೊಡೆದರೆ, ಲಾಭ ಎರಡು ದಿನದ್ದು, ಹಾನಿ ವರ್ಷದ್ದು.

1999ರ ಮೇ 2ರಂದು ನ್ಯಾಟೋ ಗ್ರಾಫೈಟ್ ಎಳೆಗಳನ್ನು ಚೆಲ್ಲುವ ಬಾಂಬ್ ಹಾಕಿತು. ಎಳೆಗಳು ತಂತಿಗಳ ಮೇಲೆ ಬಿದ್ದು ಶಾರ್ಟ್ ಆಗಿ ಲೈನ್ ಟ್ರಿಪ್ ಆದವು. ಗುಡಿಸಿ ತೆಗೆದ ಮೇಲೆ ಕರೆಂಟ್ ಮರಳಿ ಬಂತು. ಆ ತಿಂಗಳ ಕೊನೆಗೆ ಸಾಮಾನ್ಯ ಬಾಂಬ್‌ಗಳನ್ನೇ ಹಾಕತೊಡಗಿದರು, ಬೆಲ್‌ಗ್ರೇಡ್‌ನಲ್ಲಿ ನೀರಿಗೂ ತೊಂದರೆಯಾಯಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹಳೆ ಫೌಜಿ:
ಈ ಮಾತನ್ನು ನಾನು ಒಪ್ಪುತ್ತೇನೆ. 2003ರಲ್ಲಿ ಇರಾಕ್ ಮೇಲೆ ಮತ್ತೆ ಹೋದಾಗ ಅಮೆರಿಕದವರು ವಿದ್ಯುತ್ ಉತ್ಪಾದನಾ ಸ್ಥಾವರಗಳನ್ನು ಬಹುಮಟ್ಟಿಗೆ ಮುಟ್ಟಲಿಲ್ಲ. ಬೇಕೆಂದರೆ ಸೇನೆಗಳು ಕಲಿಯುತ್ತವೆ.

ಆದರೆ ಇನ್ನೊಂದು ಕಡೆಯನ್ನೂ ನೋಡಿ. 58ನೇ ವಿಧಿಯನ್ನು ಯಾರೂ ಎತ್ತುವುದಿಲ್ಲ. ತನ್ನ ಸೇನಾ ನೆಲೆಗಳನ್ನು ಜನರಿಂದ ಆದಷ್ಟು ದೂರ ಇಡುವುದು ರಕ್ಷಿಸಿಕೊಳ್ಳುವವನ ಕರ್ತವ್ಯ. ಪಂಪ್‌ಹೌಸ್‌ಗೆ ಕರೆಂಟ್ ಒಯ್ಯುವ ಫೀಡರ್ ಲೈನಿಗೇ ಕಮಾಂಡ್ ಪೋಸ್ಟ್ ಸೇರಿಸಿದವನನ್ನು ಕೇಳುವವರು ಯಾರು?

ಕಾನೂನು ಓದುವವಳು:
ಕೇಳಬೇಕು, ಖಂಡಿತ. ಆದರೆ ಅವನ ತಪ್ಪು ಇವನಿಗೆ ಪರವಾನಗಿ ಆಗುವುದಿಲ್ಲ. 51ನೇ ವಿಧಿಯ ಕೊನೆಯ ಭಾಗ ಅದನ್ನೇ ಹೇಳುತ್ತದೆ. ಎದುರಿನವನು ನಿಯಮ ಮುರಿದರೂ ದಾಳಿ ಮಾಡುವವನ ಹೊಣೆ ಹಾಗೇ ಉಳಿಯುತ್ತದೆ. ಪಂಪ್‌ಹೌಸ್ ನೀರು ಕುಡಿಯುವ ಮಗು ಫೀಡರ್‌ಗೆ ಯಾರನ್ನು ಸೇರಿಸಿದರು ಅಂತ ತೀರ್ಮಾನ ಮಾಡಿಲ್ಲ, ಅಲ್ವಾ?

ನದಿದಂಡೆ:
ಅಣೆಕಟ್ಟು, ಅಣುಸ್ಥಾವರಗಳಿಗೂ ಇದೇ ತಕ್ಕಡಿಯಾ? 2023ರ ಜೂನ್ 6ರಂದು ಉಕ್ರೇನಿನ ಕಖೋವ್ಕಾ ಅಣೆಕಟ್ಟು ಒಡೆದು ಊರೂರೇ ಮುಳುಗಿದವು.

ಕಾನೂನು ಓದುವವಳು:
ಅವಕ್ಕೆ 56ನೇ ವಿಧಿ, ಇನ್ನೂ ಬಿಗಿ. ಸೇನಾ ಗುರಿ ಆಗಿದ್ದರೂ ಹೊಡೆದರೆ ನೀರು ಅಥವಾ ವಿಕಿರಣ ನುಗ್ಗಿ ಜನರಿಗೆ ಭಾರಿ ಹಾನಿ ಆಗುವಂತಿದ್ದರೆ ಹೊಡೆಯುವಂತಿಲ್ಲ. ಒಂದು ಸಣ್ಣ ಬಾಗಿಲು ಬಿಟ್ಟಿದ್ದಾರೆ. ಅಣುಸ್ಥಾವರ ಸೇನಾ ಕಾರ್ಯಾಚರಣೆಗೆ ನಿಯಮಿತವಾಗಿ, ದೊಡ್ಡ ಮಟ್ಟದಲ್ಲಿ, ನೇರವಾಗಿ ಕರೆಂಟ್ ಕೊಡುತ್ತಿದ್ದು, ಅದನ್ನು ನಿಲ್ಲಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಈ ರಕ್ಷಣೆ ಹೋಗುತ್ತದೆ. ಆದರೆ ಅಮೆರಿಕ, ಭಾರತ, ಪಾಕಿಸ್ತಾನ ಈ ಪ್ರೋಟೋಕಾಲ್‌ನ ಸದಸ್ಯರಲ್ಲ.

ಹಳೆ ಫೌಜಿ:
ಸದಸ್ಯರಲ್ಲದಿದ್ದರೂ ಭಾರತ ಮತ್ತು ಪಾಕಿಸ್ತಾನ ತಮ್ಮ ನಡುವೆ ಇದಕ್ಕಿಂತ ಗಟ್ಟಿ ಕೆಲಸ ಮಾಡಿಕೊಂಡಿವೆ. 1988ರ ಡಿಸೆಂಬರ್ 31ರಂದು ಸಹಿ ಆದ ಒಪ್ಪಂದ, ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. 1992ರಿಂದ ಪ್ರತಿ ಜನವರಿ 1ರಂದು ಎರಡೂ ಕಡೆಯವರು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಕಾರ್ಗಿಲ್ ಆದ ಮೇಲೂ ಅದು ನಿಲ್ಲಲಿಲ್ಲ. ಎರಡೂ ಕಡೆಗೆ ಭಯ ಇದ್ದರೆ ನಿಯಮ ಉಳಿಯುತ್ತದೆ, ದೂರದ ಕೋರ್ಟ್‌ನಿಂದ ಅಲ್ಲ.

ಗ್ರಿಡ್‌ನವನು:
ಆ ಪಟ್ಟಿಯಲ್ಲಿ ಅಕ್ಷಾಂಶ, ರೇಖಾಂಶ ಸಮೇತ ಕೊಡಬೇಕು ಅಂತ ಒಪ್ಪಂದದಲ್ಲೇ ಇದೆ. ನನ್ನ ಆಸೆಯೂ ಅದೇ. ಕುಡಿಯುವ ನೀರು, ಒಳಚರಂಡಿ, ಆಸ್ಪತ್ರೆ ಯಾವ ಯಾವ ಸಬ್‌ಸ್ಟೇಷನ್ ಮೇಲೆ ನಿಂತಿವೆ ಅಂತ ಪಟ್ಟಿ ಮಾಡಿ, ರೆಡ್ ಕ್ರಾಸ್ ಮೂಲಕ ಎದುರಿನವರಿಗೆ ಮೊದಲೇ ತಲುಪಿಸಿಬಿಡಬೇಕು. ಪಟ್ಟಿ ಮಾಡಲು ಎಂಜಿನಿಯರ್‌ಗಳೇ ಬೇಕು. ಸೇನೆಯ ವಕೀಲರ ಪಕ್ಕದಲ್ಲಿ ಒಬ್ಬ ನೀರಿನ ಎಂಜಿನಿಯರ್, ಒಬ್ಬ ಗ್ರಿಡ್ ಎಂಜಿನಿಯರ್ ಕೂತಿರಬೇಕು.

ಸಂಜೆಮಲ್ಲಿಗೆ:
ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ನಾನು ನರ್ಸ್, ಹಾಗಾಗಿ ಇದನ್ನು ಹೇಳದೆ ಇರಲಾರೆ. ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಯ ಆಸ್ಪತ್ರೆ ಇತ್ತು. ಅದರ ನಿಖರ ಜಾಗವನ್ನು ಅವರು ಅಮೆರಿಕ ಸೇನೆಗೆ ಮೊದಲೇ ಕೊಟ್ಟಿದ್ದರು. 2015ರ ಅಕ್ಟೋಬರ್ 3ರಂದು ಅಮೆರಿಕದ ವಿಮಾನವೇ ಅದನ್ನು ಹೊಡೆಯಿತು. 42 ಜನ ಸತ್ತರು. ರೋಗಿಗಳೂ, ನಮ್ಮಂಥ ಸಿಬ್ಬಂದಿಯೂ ಅದರಲ್ಲಿದ್ದರು. ಮನುಷ್ಯರ ತಪ್ಪಿನಿಂದ ಆಯಿತು ಅಂತ ತನಿಖೆ ಹೇಳಿತು, 16 ಜನರ ಮೇಲೆ ಶಿಸ್ತು ಕ್ರಮ ಆಯಿತು, ಯಾರ ಮೇಲೂ ಕ್ರಿಮಿನಲ್ ಕೇಸ್ ಆಗಲಿಲ್ಲ. ಪಟ್ಟಿ ಯಾರನ್ನು ಉಳಿಸಿತು?

ಗ್ರಿಡ್‌ನವನು:
ಆ ರಾತ್ರಿ ಯಾರನ್ನೂ ಉಳಿಸಲಿಲ್ಲ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ, ಮೇಡಂ.

ಕಾನೂನು ಓದುವವಳು:
ಸಂಜೆಮಲ್ಲಿಗೆ ಅವರ ಸಿಟ್ಟು ನ್ಯಾಯವಾದದ್ದು. ಆದರೂ ನಾನು ಪಟ್ಟಿಯ ಪರವಾಗಿಯೇ ಇದ್ದೇನೆ. ಐಸಿಸಿಯ ರೋಮ್ ಶಾಸನದ 8ನೇ ವಿಧಿಯಲ್ಲಿ ಅತಿಯಾದ ಹಾನಿಯ ಅಪರಾಧ ಸಾಬೀತಾಗಬೇಕಾದರೆ, ಇಂಥ ಹಾನಿ ಆಗುತ್ತದೆ ಎಂದು ಗೊತ್ತಿದ್ದೂ ದಾಳಿ ಮಾಡಿದ ಎಂದು ತೋರಿಸಬೇಕು. ಇಂಥ ಕೇಸು ಜಾರಬಹುದಾದದ್ದು ಈ 'ಗೊತ್ತಿದ್ದೂ' ಅನ್ನುವ ಜಾಗದಲ್ಲೇ. "ಸಬ್‌ಸ್ಟೇಷನ್ ಅಷ್ಟೇ ಅಂದುಕೊಂಡೆ, ಅದರ ಹಿಂದೆ ಊರಿನ ನೀರೆಲ್ಲ ಇದೆ ಅಂತ ಗೊತ್ತಿರಲಿಲ್ಲ" ಎಂದರೆ ಪ್ರಾಸಿಕ್ಯೂಟರ್ ಏನು ಮಾಡಬೇಕು? ಪಟ್ಟಿ ಕೈಗೆ ತಲುಪಿದ ದಾಖಲೆ ಇದ್ದರೆ ಆ ಮಾತು ನಡೆಯುವುದು ಕಷ್ಟ. ವಿದ್ಯುತ್ ಜಾಲದ ಮೇಲಿನ ದಾಳಿಗೆ ಐಸಿಸಿಯಲ್ಲಿ ಇನ್ನೂ ಯಾರಿಗೂ ಶಿಕ್ಷೆ ಆಗಿಲ್ಲ. ಆಗಬೇಕಾದರೆ ಇಂಥ ಕಾಗದಗಳೇ ಬೇಕು.

ಹಳೆ ಫೌಜಿ:
ಹಾಗಿದ್ದರೆ ಒಂದು ಷರತ್ತು. ಪಟ್ಟಿಗೆ ಸೇರಿಸಿದ ಸಬ್‌ಸ್ಟೇಷನ್‌ನಿಂದ ಸೇನೆಯ ಒಂದು ಲೈನೂ ಹೋಗಬಾರದು. ಮೂರನೆಯವರು ಬಂದು ಪರೀಕ್ಷಿಸಲು ಬಿಡಬೇಕು. ಸುಳ್ಳು ಪಟ್ಟಿ ಒಮ್ಮೆ ಸಿಕ್ಕಿಬಿದ್ದರೆ ಮುಂದಿನ ನಿಜವಾದ ಪಟ್ಟಿಯನ್ನೂ ಯಾವ ಕಮಾಂಡರ್ ನಂಬುವುದಿಲ್ಲ.

ಗ್ರಿಡ್‌ನವನು:
ಒಪ್ಪಿದೆ. ಲೈನ್ ಬೇರ್ಪಡಿಸುವುದು ಶಾಂತಿ ಇರುವಾಗ ಮಾಡಬಹುದಾದ ಕೆಲಸ. ಹೊಸ ಫೀಡರ್ ಎಳೆಯುವುದು, ಪಂಪ್‌ಹೌಸ್‌ಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಕೊಡುವುದು, ಅದರ ಸುತ್ತ ಕಾಂಕ್ರೀಟ್ ಗೋಡೆ. ಉಕ್ರೇನ್ ಈ ಗೋಡೆಗಳನ್ನು ಬಾಂಬ್ ಬೀಳುತ್ತಿರುವಾಗ ಕಟ್ಟಬೇಕಾಯಿತು.