ಸಹಾಯ ಬೇಕು: ಗಾಂಜಾ ಗಿಡದ ಬೇರಿಗೆ ಮೈಕೊರೈಜಾ (ಬೇರಿನೊಂದಿಗೆ ಕೂಡಿ ಬಾಳುವ ಶಿಲೀಂಧ್ರ) ಹಿಡಿದಿದೆಯೇ ಎಂದು ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ ಇಲ್ಲಿ ಒಂಟಾರಿಯೊದಲ್ಲಿ ಮನೆಗೆ 4 ಗಾಂಜಾ ಗಿಡಗಳವರೆಗೆ ಬೆಳೆಸಲು ಅವಕಾಶವಿರುವುದರಿಂದ, ಹಿತ್ತಲ ಕುಂಡಗಳಲ್ಲಿ ಮೂರು ಸಸಿ ನೆಟ್ಟಿದ್ದೇನೆ. ಊರಿನಲ್ಲಿ ಅಪ್ಪ ಮೆಣಸಿನ ಬಳ್ಳಿಗೆ ವ್ಯಾಮ್ (ಇಂಥದೇ ಶಿಲೀಂಧ್ರವಿರುವ ಜೈವಿಕ ಗೊಬ್ಬರ) ಹಾಕುತ್ತಿದ್ದ ರೀತಿಯಲ್ಲಿಯೇ, ಎರಡು ಸಸಿಗಳ ಬೇರಿಗೆ ತಾಗುವಂತೆ ರೈಜೋಫೇಗಸ್ ಇರ್ರೆಗ್ಯುಲಾರಿಸ್ ಎಂಬ ಶಿಲೀಂಧ್ರದ ಪುಡಿಯನ್ನು ಉದುರಿಸಿ, ಹೋಲಿಸಿ ನೋಡಲೆಂದು ಮೂರನೆಯದನ್ನು ಹಾಗೆಯೇ ಬಿಟ್ಟೆ. ಐದು ವಾರಗಳಾದರೂ ಮೂರರಲ್ಲೂ ವ್ಯತ್ಯಾಸ ಕಾಣುತ್ತಿಲ್ಲ. ರಂಜಕ ಹೆಚ್ಚಿದ್ದರೆ ಗಿಡವು ಈ ಶಿಲೀಂಧ್ರವನ್ನು ಬೇರಿನೊಳಗೆ ಅಷ್ಟಾಗಿ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ, ಮಣ್ಣಿಗೆ ಧಾರಾಳವಾಗಿ ಬೆರೆಸಿದ ಎಲುಬಿನ ಪುಡಿಯ ಮೇಲೆಯೇ (ಎರಡು ಹಿಡಿ ಹೆಚ್ಚೇ ಹಾಕಿದ್ದು ನನ್ನ ಅತಿಯಾಸೆ) ನನಗೆ ಅನುಮಾನ. ಈಗ ಶಿಲೀಂಧ್ರದ ಪುಡಿಯನ್ನು ನೀರಿನಲ್ಲಿ ಕದಡಿ ಮತ್ತೆ ಬುಡಕ್ಕೆ ಹಾಕಿದರೆ ಪ್ರಯೋಜನವಿದೆಯೇ? ಎಳೆಬೇರಿಗೆ ಶಾಯಿ ಮತ್ತು ವಿನೆಗರ್‌ನಿಂದ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಕ್ರಮವನ್ನು ಸ್ವತಃ ಮಾಡಿದವರು ದಯವಿಟ್ಟು ವಿವರವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.