ಸ್ಪ್ಯಾನಿಯರ್ ಕಟ್ಟಿದ್ದು, ಸ್ಪ್ಯಾನಿಯರ್ ಬರೆದದ್ದು

ಅಕ್ಕ, ಭಾವ, ಗುಂಪಿನ ಎಲ್ಲ ಹಿರಿಯರಿಗೂ ನಮಸ್ಕಾರ. ಪುಟ್ಟಿಗೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಆನರ್ಸ್ ಕಾಲೇಜಿನಲ್ಲಿ ಸೀಟು ಸಿಕ್ಕ ಸುದ್ದಿಯ ಬೆನ್ನಿಗೇ, ಅದನ್ನು ಕಟ್ಟಿದ, ಆ ವಿಶ್ವವಿದ್ಯಾಲಯದ ಹಿಂದಿನ ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್ ಜೈಲಿಗೆ ಹೋಗಿ ಬಂದವರೆಂದು ಭಾವ ಬರೆದರು. ಅವರು ಫುಟ್‌ಬಾಲ್ ಹುಚ್ಚಿಗೆ ಬಲಿಯಾದ ದೊಡ್ಡ ಮನುಷ್ಯರೆಂದು ಚಿಕ್ಕಪ್ಪ ವಾದಿಸಿದರು. ಅವರು ಹುದ್ದೆ ಕಳೆದುಕೊಂಡ ದಿನಗಳಲ್ಲಿ ನಾನು ಅಲ್ಲಿಯೇ ಪಿಎಚ್.ಡಿ. ಮಾಡುತ್ತಿದ್ದೆನಾದ್ದರಿಂದ ಸುಮ್ಮನಿರಲು ಮನಸ್ಸಾಗಲಿಲ್ಲ. ಮಾತು ಸ್ವಲ್ಪ ಉದ್ದವಾಗುತ್ತದೆ, ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬಂದು ಕೇಳಿ.

ಸ್ಪ್ಯಾನಿಯರ್ 1995ರಿಂದ 2011ರವರೆಗೆ ಅಧ್ಯಕ್ಷರಾಗಿದ್ದರು. ಶ್ರೇಯರ್ ದಂಪತಿ ಕೊಟ್ಟ 3 ಕೋಟಿ ಡಾಲರ್ ದೇಣಿಗೆಯಿಂದ 1997ರಲ್ಲಿ ಆನರ್ಸ್ ಕಾಲೇಜು, 1998ರಲ್ಲಿ ಮನೆಯಲ್ಲಿ ಕುಳಿತೇ ಪದವಿ ಓದಬಹುದಾದ ವರ್ಲ್ಡ್ ಕ್ಯಾಂಪಸ್, ಮರುವರ್ಷ ಮಾಹಿತಿ ವಿಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗ, ಇವೆಲ್ಲ ಅವರ ಕಾಲದವು. ಬಟ್ಟೆ ಒಗೆಯುವ ತಗಡಿನ ಹಲಗೆಯನ್ನು ಉಜ್ಜಿ ತಾಳ ಹಾಕುತ್ತಾ ವಾದ್ಯತಂಡದೊಂದಿಗೆ ನುಡಿಸುತ್ತಿದ್ದ, ಜಾದೂವನ್ನೂ ಬಲ್ಲ ಮನುಷ್ಯ ಅವರು, ಗಂಟುಮುಖದ ಆಡಳಿತಗಾರರಲ್ಲ.

ಆದರೆ ಆಗ ಆ ಊರಿನ ನಿಜವಾದ ದೊರೆ ಫುಟ್‌ಬಾಲ್ ತಂಡದ ತರಬೇತುದಾರ ಜೋ ಪೆಟೆರ್ನೊ. ಸುಮಾರು 40,000 ಜನರ ಊರಿನಲ್ಲಿ ಒಂದು ಲಕ್ಷಕ್ಕೂ ಮೀರಿ ಜನ ಹಿಡಿಸುವ ಕ್ರೀಡಾಂಗಣವಿದೆ ಎಂದರೆ ಆ ಆಟದ ತೂಕ ನಿಮಗೆ ತಿಳಿದೀತು. (ಇದು ಕಾಲಿನಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟ.) 2004ರಲ್ಲಿ ತಂಡ ಸೋಲಿನ ಮೇಲೆ ಸೋಲುಣ್ಣುತ್ತಿದ್ದಾಗ ಸ್ಪ್ಯಾನಿಯರ್ ಮತ್ತು ಕ್ರೀಡಾ ನಿರ್ದೇಶಕ ಟಿಮ್ ಕರ್ಲಿ 77ರ ಪೆಟೆರ್ನೊ ಅವರ ಮನೆಗೇ ಹೋಗಿ, ನಿವೃತ್ತಿಯ ಮಾತೆತ್ತಿದರು. ಪೆಟೆರ್ನೊ ಒಪ್ಪಲಿಲ್ಲ, ಅಧ್ಯಕ್ಷರು ಬರಿಗೈಯಲ್ಲಿ ಹಿಂತಿರುಗಿದರು. ಮರುವರ್ಷ ತಂಡ 12 ಪಂದ್ಯಗಳಲ್ಲಿ 11ನ್ನು ಗೆದ್ದಿತು, ಆ ಪ್ರಶ್ನೆಯೂ ಅಲ್ಲಿಗೇ ಮುಗಿಯಿತು.

ಚಿಕ್ಕಪ್ಪ, ನಿಮ್ಮ ಮಾತನ್ನು ನಾನು ಒಪ್ಪದಿರುವುದು ಅದಕ್ಕೂ ಹಿಂದಿನ ಒಂದು ಇ-ಮೇಲ್‌ನಿಂದಾಗಿ. 2001ರ ಫೆಬ್ರುವರಿಯಲ್ಲಿ, ನಿವೃತ್ತ ಸಹ ತರಬೇತುದಾರ ಜೆರ್ರಿ ಸ್ಯಾಂಡಸ್ಕಿ ತಂಡದ ಸ್ನಾನದ ಕೋಣೆಯಲ್ಲಿ ಒಬ್ಬ ಹುಡುಗನೊಂದಿಗಿದ್ದುದನ್ನು ಕಂಡ ಕಿರಿಯ ಸಹಾಯಕನೊಬ್ಬ ಪೆಟೆರ್ನೊಗೆ ತಿಳಿಸಿದ್ದ, ವಿಷಯ ಮೇಲಿನವರೆಗೂ ಬಂದಿತ್ತು. ಮಕ್ಕಳ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ತಿಳಿಸಬೇಕೆಂಬ ಯೋಚನೆ ಮೊದಲಿಗಿತ್ತು. ಪೆಟೆರ್ನೊ ಜೊತೆ ಮಾತಾಡಿದ ಮೇಲೆ ಕರ್ಲಿ ಮನಸ್ಸು ಬದಲಿಸಿ, ಸ್ಯಾಂಡಸ್ಕಿಯನ್ನೇ ಕರೆದು ಬುದ್ಧಿ ಹೇಳೋಣ ಎಂದರು. ಸ್ಪ್ಯಾನಿಯರ್ ಅದಕ್ಕೆ ಒಪ್ಪಿಗೆ ಕೊಟ್ಟು, ಅವನು ಕಿವಿಗೆ ಹಾಕಿಕೊಳ್ಳದಿದ್ದರೆ ವರದಿ ಮಾಡಲಿಲ್ಲವೆಂಬ ತಪ್ಪು ನಮ್ಮ ಮೇಲೆ ಬರುತ್ತದೆ, ಅದೊಂದೇ ತೊಡಕು, ಆದರೂ ಈ ದಾರಿ ಮಾನವೀಯವಾದದ್ದು ಎಂದು ಬರೆದರು. ಮಾನವೀಯ ಎಂಬ ಆ ಮಾತು ಯಾರ ಕುರಿತು ಎಂಬುದನ್ನು ನೋಡಿ. ಆ ಹುಡುಗ ಯಾರೆಂದು ಹುಡುಕುವ ಗೋಜಿಗೇ ಅವರಲ್ಲಿ ಒಬ್ಬರೂ ಹೋಗಲಿಲ್ಲ.

2011ರ ನವೆಂಬರ್ 5ರಂದು, ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಆರೋಪದ ಮೇಲೆ ಸ್ಯಾಂಡಸ್ಕಿಯ ಬಂಧನವಾಯಿತು. ಅಂದೇ ಸ್ಪ್ಯಾನಿಯರ್, ವರದಿ ಮಾಡದ ಆರೋಪಕ್ಕೆ ಸಿಲುಕಿದ ಕರ್ಲಿ ಮತ್ತು ಉಪಾಧ್ಯಕ್ಷ ಶುಲ್ಟ್ಜ್ ಅವರಿಗೆ ತಮ್ಮ ಬೇಷರತ್ ಬೆಂಬಲವನ್ನು ಸಾರಿದರು. 9ರ ರಾತ್ರಿ ಅಧ್ಯಕ್ಷರೂ ತರಬೇತುದಾರರೂ ಒಟ್ಟಿಗೆ ಹುದ್ದೆ ಕಳೆದುಕೊಂಡರು. ನಾನು ಪ್ರಯೋಗಾಲಯದಿಂದ ಮನೆಗೆ ನಡೆದು ಹೋಗುತ್ತಿದ್ದಾಗ ಬೀದಿ ತುಂಬ ವಿದ್ಯಾರ್ಥಿಗಳು, ಎಲ್ಲರ ಬಾಯಲ್ಲೂ ಪೆಟೆರ್ನೊ ಹೆಸರು. ಟಿವಿ ವಾಹಿನಿಯೊಂದರ ವ್ಯಾನನ್ನು ಮಗುಚಿ ಹಾಕಿದ್ದರು. ಹದಿನಾರು ವರ್ಷ ಸಂಸ್ಥೆ ನಡೆಸಿದ ಸ್ಪ್ಯಾನಿಯರ್ ಅವರ ಹೆಸರನ್ನು ಆ ಗದ್ದಲದಲ್ಲಿ ಒಬ್ಬರೂ ಕೂಗಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಭಾವ, ನೀವು ಹೇಳಿದ ಜೈಲಿನ ವಿಷಯ ನಿಜ, ಆದರೆ ಅದು ಅವರೇ ಯಾರ ಮೇಲಾದರೂ ದೌರ್ಜನ್ಯ ಮಾಡಿದ್ದಕ್ಕಲ್ಲ. ಮಗುವಿನ ಸುರಕ್ಷತೆಗೆ ಧಕ್ಕೆ ತಂದ ಒಂದು ಲಘು ಅಪರಾಧಕ್ಕೆ 2017ರಲ್ಲಿ ಶಿಕ್ಷೆಯಾಯಿತು, ಇನ್ನೆರಡು ಆರೋಪಗಳಲ್ಲಿ ಅವರು ಖುಲಾಸೆಯಾದರು. ತೀರ್ಪು 2019ರಲ್ಲಿ ರದ್ದಾಗಿ, 2020ರಲ್ಲಿ ಮತ್ತೆ ಜಾರಿಗೆ ಬಂದು, 2021ರ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ಜೈಲಿನಲ್ಲಿದ್ದರು. ಸ್ನಾನದ ಕೋಣೆಯ ಆ ಘಟನೆಯನ್ನು ಕರ್ಲಿ ಮತ್ತು ಶುಲ್ಟ್ಜ್ ತಮಗೆ ಬರೀ ಹುಡುಗಾಟವೆಂದು ಹೇಳಿದ್ದರು ಎಂಬುದೇ ಅವರ ಸಮರ್ಥನೆ. ಹುಡುಗಾಟವೇ ಆಗಿದ್ದರೆ, ವರದಿ ಮಾಡದಿದ್ದುದಕ್ಕೆ ಮುಂದೆ ತಪ್ಪು ಹೊರಬೇಕಾದೀತೆಂಬ ಅಂಜಿಕೆ 2001ರಲ್ಲೇ ಏಕೆ ಬಂತು, ಚಿಕ್ಕಪ್ಪ?