ಮೆಟ್ಟುಗತ್ತಿ ಪಕ್ಕದ ಮಿಂಚು

ಅಡಿಕೆ ಸುಲಿಯುವಾಗ ಕೈ ಮೆಟ್ಟುಗತ್ತಿ ಮೇಲೆ ತಾನಾಗಿ ಓಡುತ್ತದೆ, ಬಾಯಿ ಊರಿನ ಮೇಲೆ ಓಡುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮನೆ ಅಂಗಳದಲ್ಲಿ ಕೊಯ್ಲಿನ ರಾತ್ರಿಗಳು ಕಳೆಯುವುದೇ ಹೀಗೆ. ಆದರೆ ಹೋದ ವರ್ಷ ಒಂದು ರಾತ್ರಿ ಊರಿನವರೆಲ್ಲ ಬಚಾವಾದರು. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಒಂದು ಗಾಜಿನ ಗುಂಡು ತಂದು ಜಗಲಿ ಮೇಲಿಟ್ಟು ಸ್ವಿಚ್ ಹಾಕಿದ.

ಮೋಸಂಬಿಗಿಂತ ದೊಡ್ಡದು, ಚಕ್ಕೋತಕ್ಕಿಂತ ಸಣ್ಣದು. ನಡುವೆ ಗೋಲಿಯಷ್ಟು ಒಂದು ಉಂಡೆ. ಅದರಿಂದ ನೀಲಿ-ನೇರಳೆ ಎಳೆಗಳು ಹೊರಟು, ಗಾಜಿಗೆ ತಾಗುವಲ್ಲಿ ಗುಲಾಬಿಯಾಗಿ, ಮಳೆಗಾಲದ ಎರೆಹುಳದ ಹಾಗೆ ಹೊರಳಾಡುತ್ತಿದ್ದವು.

"ಎಂತದಾ ಇದು ಮಾರಾಯ, ಸಿಡಿಲಿನ ಉಪ್ಪಿನಕಾಯಿ ಹಾಕಿಟ್ಟಾರಾ?" ಎಂದ ಶೀನ.

"ಪ್ಲಾಸ್ಮಾ ಗ್ಲೋಬ್ ಅಂತ" ಎಂದ ಹುಡುಗ. ಅಷ್ಟು ಹೇಳಿ ಫೋನ್ ಹಿಡಿದು ಕೂತ. ಇನ್ನು ವಿವರಿಸುವ ಭಾರವೆಲ್ಲ ಮೇಷ್ಟ್ರ ಮೇಲೆ. ಅವರು ಹೈಸ್ಕೂಲಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಕೇಳುವವರು ಸಿಕ್ಕರೆ ಬಿಡುವವರಲ್ಲ. ಸುಲಿಯುವುದರಲ್ಲಿ ಮಾತ್ರ ಶೀನನಿಗಿಂತ ಹಿಂದೆ, ಅಂದರೆ ಎಷ್ಟು ಹಿಂದೆ ಅಂತ ನೀವೇ ಲೆಕ್ಕ ಹಾಕಿ.

"ಒಳಗೆ ಎಷ್ಟು ಕರೆಂಟಿದೆ ಮೇಷ್ಟ್ರೇ?"

"ವೋಲ್ಟ್ ಕೆಲವು ಸಾವಿರ ಇರುತ್ತೆ."

ಶೀನ ಕೂತಲ್ಲೇ ಒಂದು ಮಾರು ಹಿಂದೆ ಜರುಗಿದ. "ಸಾವಿರವಾ! ನಮ್ಮನೆಗೆ ಸಂಜೆ ನೂರೈವತ್ತು ಬಂದ್ರೆ ಹಬ್ಬ."

"ಬೇಸಿಗೇಲಿ ಜೋಗ ನೋಡಿದ್ದೀಯಲ್ಲ? ಎತ್ತರ ಅದೇ 253 ಮೀಟರ್. ಆದರೆ ಬೀಳೋದು ದಾರದಷ್ಟು ನೀರು. ಕೆಳಗೆ ನಿಂತರೆ ಮುಖ ಒದ್ದೆಯಾಗುತ್ತೆ, ಅಷ್ಟೇ. ವೋಲ್ಟ್ ಅಂದ್ರೆ ಆ ಎತ್ತರ. ಕೊಲ್ಲೋದು ಹರಿಯೋ ನೀರು. ಸಿಡಿಲಲ್ಲಿ ಮೂವತ್ತು ಸಾವಿರ ಆಂಪಿಯರ್ ಹರಿಯುತ್ತೆ. ಇಲ್ಲಿ ಒಂದು ಆಂಪಿಯರಿನ ಸಾವಿರದ ಪಾಲಿನ ಲೆಕ್ಕ. ಇಡೀ ಗುಂಡು ತಿನ್ನೋದು ಕೆಲವೇ ವಾಟ್."

ಭಾವ ಧೈರ್ಯ ಮಾಡಿ ಚೊಗರು ಹಿಡಿದ ಒಂದು ಬೆರಳನ್ನು ಗಾಜಿಗೆ ತಾಗಿಸಿದರು. ಅಲ್ಲಿ ಇಲ್ಲಿ ಅಲೆಯುತ್ತಿದ್ದ ಎಳೆಗಳೆಲ್ಲ ಸೇರಿ ಒಂದೇ ದಪ್ಪ ಹುರಿಯಾಗಿ ಬೆರಳಿನತ್ತ ಓಡಿ ಬಂದವು. ಭಾವನ ಮುಖದಲ್ಲಿ ಪಂಚಾಯ್ತಿ ಎಲೆಕ್ಷನ್ ಗೆದ್ದ ಕಳೆ.

"ಗಾಜು ಕರೆಂಟನ್ನ ಬಿಡಲ್ಲ ಅಂತ ನೀವೇ ಹೇಳಿಕೊಟ್ಟಿದ್ದಿರಿ" ಎಂದೆ ನಾನು. ಮೂವತ್ತು ವರ್ಷದ ಹಿಂದಿನ ಸೇಡು.

"ಒಂದೇ ದಿಕ್ಕಿಗೆ ಹರಿಯೋದಾದ್ರೆ ಬಿಡಲ್ಲ. ಇದು ಹಿಂದೆ ಮುಂದೆ ತೂಗುತ್ತೆ. ಗೋಡೆಯ ಕರೆಂಟು ಸೆಕೆಂಡಿಗೆ 50 ಸಲ ತೂಗಿದ್ರೆ, ಇದು ಹತ್ತಾರು ಸಾವಿರ ಸಲ. ಗೋಡೆ ಆಚೆ ಒನಕೆಯಲ್ಲಿ ಕುಟ್ಟಿದ್ರೆ ಈಚೆ ಹಲಗೆ ಮೇಲಿನ ಪಾತ್ರೆ ಗಡಗಡ ಅನ್ನಲ್ವಾ? ಒನಕೆ ಏನು ಗೋಡೆ ತೂರಿ ಬಂತಾ? ಹಾಗೆ. ಮಿಂಚು ಗಾಜಿನ ಒಳಗೇ ನಿಲ್ಲುತ್ತೆ, ಅದರ ಅಲುಗಾಟ ಮಾತ್ರ ನಿನ್ನ ಮೈಗೆ ದಾಟುತ್ತೆ. ಇಷ್ಟು ವೇಗದ ಅಲುಗಾಟ ನರಕ್ಕೆ ಗೊತ್ತೇ ಆಗಲ್ಲ."

ಎಳೆಗಳು ಕಮಾನಿನ ಹಾಗೆ ಮೇಲಕ್ಕೆ ಬಾಗುವುದನ್ನು ಅತ್ತಿಗೆ ಕಂಡುಹಿಡಿದರು. ಕಾಫಿ ಹಿಡಿದು ಬಂದವರು ನಿಂತೇ ನೋಡಿ, "ಬಚ್ಚಲ ಒಲೆ ಹೊಗೆ ಇದ್ದಂಗೆ ಮೇಲೇ ಹೋಗುತ್ತಲ್ಲ" ಎಂದರು. ಕಾರಣವೂ ಅದೇ. ಮಿಂಚು ಹರಿದಲ್ಲಿ ಅನಿಲ ಬಿಸಿಯಾಗುತ್ತದೆ, ಬಿಸಿಯಾದದ್ದು ಮೇಲೇರುತ್ತದೆ, ಜೊತೆಗೆ ಎಳೆಯನ್ನೂ ಎಳೆದೊಯ್ಯುತ್ತದೆ. ಮೇಷ್ಟ್ರು ಅತ್ತಿಗೆಗೆ ನೂರಕ್ಕೆ ನೂರು ಕೊಟ್ಟರು. ನಮಗೆ ಯಾವತ್ತೂ ಕೊಟ್ಟದ್ದಿಲ್ಲ.

"ಬಣ್ಣ ಗಾಜಿಗೆ ಬಳಿದಿದ್ದಾ?" ಎಂದು ಶೀನ ಕೇಳಿದ್ದೇ ತಡ, ಮೇಷ್ಟ್ರು ಮೆಟ್ಟುಗತ್ತಿಯನ್ನೇ ಬಿಟ್ಟು ಎದ್ದರು.

"ಬಣ್ಣ ಅನಿಲದ್ದು. ಒಳಗಿನ ಗಾಳಿ ತೆಗೆದು ಬೇರೆ ಅನಿಲ ತುಂಬಿರ್ತಾರೆ. ಒತ್ತಡ ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ ಕಡಿಮೆ. ಕರೆಂಟಿನ ಏಟಿಗೆ ಪರಮಾಣುವಿನೊಳಗಿನ ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿಗೆ ಹಾರುತ್ತೆ, ಅಲ್ಲಿ ನಿಲ್ಲೋಕಾಗದೆ ಕೆಳಗೆ ಬೀಳುತ್ತೆ. ಬಿದ್ದಾಗ ಬೆಳಕು ಕೊಡುತ್ತೆ. ಒಬ್ಬೊಬ್ಬರ ಮನೆ ಅಟ್ಟದ ಏಣಿಗೆ ಒಂದೊಂದು ಅಂತರ ಇದ್ದಂಗೆ, ಒಂದೊಂದು ಅನಿಲಕ್ಕೆ ಒಂದೊಂದು ಮೆಟ್ಟಿಲ ಲೆಕ್ಕ. ಅದಕ್ಕೇ ನಿಯಾನ್ ಕಿತ್ತಳೆ-ಕೆಂಪು. ಆರ್ಗಾನ್ ತಿಳಿ ನೇರಳೆ. ಝೆನಾನ್ ನೀಲಿ ಕಡೆಗೆ, ಕ್ರಿಪ್ಟಾನ್ ಬೂದು-ಬಿಳಿ. ಎರಡು ಮೂರು ಬೆರೆಸಿದ್ರೆ ಹೀಗೆ ನಡುವೆ ಒಂದು, ತುದಿಗೆ ಇನ್ನೊಂದು."

ಆ ಹೆಸರುಗಳ ಅರ್ಥ ಹೇಳಿದ್ದು ಮಾತ್ರ ಮೇಷ್ಟ್ರ ತಪ್ಪು. ಎಲ್ಲ ಗ್ರೀಕ್ ಮಾತುಗಳಂತೆ. ನಿಯಾನ್ ಎಂದರೆ ಹೊಸದು. ಕ್ರಿಪ್ಟಾನ್ ಎಂದರೆ ಅಡಗಿದ್ದು. ಝೆನಾನ್ ಎಂದರೆ ಹೊರಗಿನಿಂದ ಬಂದವನು. ಆರ್ಗಾನ್ ಎಂದರೆ ಸೋಮಾರಿ, ಯಾವುದರ ಜೊತೆಗೂ ಸೇರಿ ಕೆಲಸ ಮಾಡಲ್ಲ. ಎಲ್ಲರೂ ಒಟ್ಟಿಗೆ ಶೀನನ ಡಬ್ಬದ ಕಡೆ ನೋಡಿದೆವು. ಅರ್ಧವೂ ತುಂಬಿರಲಿಲ್ಲ.

"ಆರ್ಗಾನ್ ಅಗ್ಗವಾ?" ಎಂದು ಭಾವ ಕೇಳಿದರು.

"ನೂರು ಲೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಅದೇ. ಝೆನಾನ್ ಭಾರಿ ದುಬಾರಿ. ಒಂದು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲೂ ಇಲ್ಲ."

"ಹಂಗಾದ್ರೆ ಝೆನಾನ್ ನೀವೇ ಬಿಡಿ ಭಾವ" ಎಂದ ಶೀನ. "ಹೊರಗಿನಿಂದ ಬಂದವರು, ದುಬಾರಿ ಬೇರೆ. ಎರಡು ದಿನಕ್ಕೆ ಅಂತ ಬಂದು ಹದಿನೈದಾಯ್ತು." ಭಾವ ಸಿಪ್ಪೆ ಎಸೆದರು. ಅದು ನನಗೆ ಬಿತ್ತು.

1894ರಲ್ಲಿ ಟೆಸ್ಲಾ ಎಂಬ ಮಹಾಶಯ ಇಂಥ ದೀಪಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದನಂತೆ. ಆರ್ಗಾನ್ ಪತ್ತೆಯಾದದ್ದೂ ಅದೇ ವರ್ಷ. ಉಳಿದ ಮೂರನ್ನು ರ‍್ಯಾಮ್ಸೆ ಮತ್ತು ಟ್ರಾವರ್ಸ್ 1898ರಲ್ಲಿ ಕೆಲವೇ ವಾರಗಳಲ್ಲಿ ಹುಡುಕಿದರು. ಬಣ್ಣದ ಗುಂಡಿಗೆ ಈಗಿನ ರೂಪ ಬಂದದ್ದು 1970ರ ದಶಕದಲ್ಲಿ. ಇದನ್ನೆಲ್ಲ ಮೇಷ್ಟ್ರು ಇನ್ನೂ ಉದ್ದಕ್ಕೆ ಹೇಳುತ್ತಿದ್ದರು, ಆದರೆ ಅಷ್ಟರಲ್ಲಿ "ಅಯ್ಯಯ್ಯೋ" ಎಂಬ ಕೂಗು ಕೇಳಿತು.

ಆಗಿದ್ದಿಷ್ಟು. ಶೀನ ಎಡ ಅಂಗೈಯನ್ನು ಗುಂಡಿನ ಮೇಲಿಟ್ಟು, ಬಲ ತೋರುಬೆರಳನ್ನು ಭಾವನ ಕಿವಿಯ ಹತ್ತಿರ ತಂದಿದ್ದಾನೆ. ಚಿಟ್ ಎಂದು ಒಂದು ಸಣ್ಣ ಕಿಡಿ. ಭಾವ ಎಗರಿದರು. ಶೀನ ಅವರಿಗಿಂತ ಎತ್ತರಕ್ಕೆ ಎಗರಿದ.

"ಈಗ್ಲೇ ಏನೂ ಆಗಲ್ಲ ಅಂದ್ರಿ!"

"ಅಂಗೈ ಅಗಲಕ್ಕೆ ಹರಡಿದ್ರೆ ಗೊತ್ತಾಗಲ್ಲ. ಅದೇ ಕರೆಂಟು ಸೂಜಿ ಮೊನೆಯಷ್ಟು ಜಾಗದಲ್ಲಿ ಹಾರಿದ್ರೆ ಚರ್ಮ ಸುಡುತ್ತೆ" ಎನ್ನುತ್ತಾ ಮೇಷ್ಟ್ರು, ಶೀನ ಜೇಬಿನಿಂದ ತೆಗೆಯುತ್ತಿದ್ದ ಐದು ರೂಪಾಯಿ ನಾಣ್ಯವನ್ನೂ ಕಸಿದುಕೊಂಡರು. ಗುಂಡಿನ ಮೇಲೆ ನಾಣ್ಯ, ಬೆಳ್ಳಿ ಹಾಳೆ, ಚಮಚ ಇಟ್ಟು ಅದರ ಹತ್ತಿರ ಬೆರಳು ತಂದರೆ ಕಿಡಿ ಇನ್ನೂ ಜೋರಂತೆ. ಮೆಟ್ಟುಗತ್ತಿಗಳನ್ನೆಲ್ಲ ಆ ಕಡೆ ಎಳೆಸಿದರು. ಹುಡುಗನ ಫೋನನ್ನೂ ದೂರ ಇಡಿಸಿದರು. ಗುಂಡಿನ ಪಕ್ಕದಲ್ಲಿದ್ದರೆ ಟಚ್ ಸ್ಕ್ರೀನ್ ಮುಟ್ಟದೆಯೇ ತಾನೇ ಏನೇನೋ ಒತ್ತಿಕೊಳ್ಳುತ್ತದೆ. ಗಂಟೆಗಟ್ಟಲೆ ಉರಿಸಬಾರದು, ಬಿಸಿಯಾಗುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಬೇಕು. ಇದು ನಮ್ಮ ಕಡೆ ಮಿಕ್ಸಿಗೂ ಟಿವಿಗೂ ಇರುವ ಕಾನೂನೇ. ಗಾಜು ಬಿರುಕು ಬಿಟ್ಟರೆ ಮುಟ್ಟಲೇಬಾರದು. ಅನಿಲದಲ್ಲಿ ವಿಷ ಇಲ್ಲ, ನಡುವಿನ ಉಂಡೆಯದ್ದೇ ಹೆದರಿಕೆ.

ಮಾವ ಮಾತ್ರ ಅಂಗಳದ ಆ ತುದಿಯಲ್ಲಿ ಒಬ್ಬರೇ ಸುಲಿಯುತ್ತಿದ್ದರು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದರ ಹತ್ತಿರ ಬರಬಾರದು ಎಂದು ಮೇಷ್ಟ್ರು ಮೊದಲೇ ಅಲ್ಲಿ ಕೂರಿಸಿದ್ದರು. "ನಂಗೆ ಒಳಗೇ ಒಂದುಂಟಲ್ಲ, ನಿಮ್ಮದು ಯಾಕೆ" ಎಂದು ಅವರು ಕವಳ ಹಾಕಿಕೊಂಡರು. ಅವರ ಡಬ್ಬ ಎರಡನೇ ಸಲ ತುಂಬಿತ್ತು.

ಕೊನೆಗೆ ಮೇಷ್ಟ್ರು ಅತ್ತಿಗೆಯ ಹತ್ತಿರ ಅಟ್ಟದಿಂದ ಒಂದು ಹಾಳಾದ ಸಿಎಫ್‌ಎಲ್ ಬಲ್ಬ್ ತರಿಸಿದರು. ಗಾಜು ಹಿಡಿದು ಗುಂಡಿನ ಹತ್ತಿರ ತಂದದ್ದೇ, ತಂತಿಯಿಲ್ಲ, ಹೋಲ್ಡರಿಲ್ಲ, ಬಲ್ಬ್ ಮಂದವಾಗಿ ಬೆಳಗಿತು. ಕೆಟ್ಟದ್ದು ಬುಡದ ಸರ್ಕ್ಯೂಟ್, ಕೊಳವೆಯೊಳಗಿನ ಪಾದರಸದ ಆವಿ ಸರಿಯಾಗೇ ಇತ್ತು, ಗುಂಡಿನಿಂದ ಹೊರಗೆ ಹರಡುವ ಅಲುಗಾಟವೇ ಅದನ್ನು ಎಬ್ಬಿಸಿತು ಎಂದು ಮೇಷ್ಟ್ರು ವಿವರಿಸಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಸರದಿ ಹಿಡಿದು ಬಲ್ಬ್ ಹಚ್ಚುವುದರಲ್ಲಿದ್ದೆವು. ಶೀನ ನಾಲ್ಕು ಸಲ ಹಚ್ಚಿದ.

ಬೆಳಗ್ಗೆ ಗುಂಡು ಜಗಲಿ ಮೇಲೇ ಇತ್ತು. ಬಲ್ಬ್ ಇರಲಿಲ್ಲ. ಏಳು ಗಂಟೆಗೆ ಮೇಷ್ಟ್ರಿಗೆ ಶೀನನ ಫೋನ್.

"ಮೇಷ್ಟ್ರೇ, ಇದು ನಮ್ಮನೇಲಿ ಯಾಕೆ ಹತ್ತುತ್ತಿಲ್ಲ? ಹೆಂಡತಿ, ಅವಳ ತಮ್ಮ, ಪಕ್ಕದ ಮನೆಯವರು ಎಲ್ಲ ಕಾಯ್ತಾ ಕೂತಿದ್ದಾರೆ."